ವಾಂತಿ ನಿಂತ ಮೂರು ದಿನ

ಮತ್ತಿಕೆರೆಯಲ್ಲಿ ನಮ್ಮ ಅಂಗಡಿ ಎಲ್ಲಿದೆ ಎಂದು ಯಾರೂ ವಿಳಾಸ ಕೇಳುವುದಿಲ್ಲ, ಮೂಗಿದ್ದರೆ ಸಾಕು. ಕಾಫಿ ಪುಡಿ ಅಂಗಡಿ ನಮ್ಮದು. ಕೆಳಗೆ ಅಂಗಡಿ, ಮೇಲೆ ಮನೆ. ಹಿಂದಿನ ಕೋಣೆಯಲ್ಲಿ ಬೀಜ ಹುರಿಯುವ ಡ್ರಮ್ಮು, ಮುಂದೆ ಗಿರಾಕಿಯ ಕಣ್ಣೆದುರೇ ಪುಡಿ ಮಾಡಿಕೊಡುವ ಮಿಷನ್ನು. ತಾತನ ಕಾಲದಲ್ಲಿ ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಅಪ್ಪ ಕಾಫಿಗೆ ಬಂದರು. ನಾನಂತೂ ಕಾಫಿಯಲ್ಲೇ ಹುಟ್ಟಿದೆ ಅನ್ನಬೇಕು. ನನ್ನ ಬೆವರಿಗೂ ಹುರಿದ ಬೀಜದ ವಾಸನೆ ಇದೆ ಎಂದು ಶಾಲೆಯಲ್ಲಿ ಹುಡುಗರು ರೇಗಿಸುತ್ತಿದ್ದರು. ಅದಕ್ಕಾಗಿ ಇಬ್ಬರಿಗೆ ಬಾರಿಸಿಯೂ ಇದ್ದೇನೆ. ಕೋಪ ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ.

ಇಂಥವನನ್ನು ನನ್ನ ಹೆಂಡತಿ, ಬಸುರಿಯಾದ ಆರನೇ ವಾರದಲ್ಲಿ, ಮನೆಯಿಂದ ಆಚೆ ಹಾಕಿದಳು.

ಜಗಳವೇನೂ ಆಗಿರಲಿಲ್ಲ. ಅಂಗಡಿ ಮುಚ್ಚಿ ಊಟಕ್ಕೆಂದು ಮೆಟ್ಟಿಲು ಹತ್ತಿ ಬಂದೆ. ಅವಳು ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. "ರೀ, ಹತ್ರ ಬರ್ಬೇಡಿ ಪ್ಲೀಸ್. ನಿಮ್ಮ ವಾಸನೆ..." ಎಂದಳು. ಮಾತು ಮುಗಿಸಲಾಗದೆ ಬಚ್ಚಲಿಗೆ ಓಡಿದಳು.

ಸರಿ, ಸ್ನಾನ ಮಾಡಿದೆ. ಆಗಲಿಲ್ಲ. ಸೀಗೆಪುಡಿ ಹಾಕಿ ಉಜ್ಜಿಕೊಂಡೆ. ನಿಂಬೆಹಣ್ಣು ತಿಕ್ಕಿಕೊಂಡು ಮೈಯೆಲ್ಲ ಉರಿ ಹತ್ತಿಸಿಕೊಂಡೆ. ಹೊಸ ಸೋಪು ತಂದರೆ ಆ ಸೋಪಿನ ವಾಸನೆಗೇ ಇನ್ನೆರಡು ಸಲ ವಾಂತಿ. ಮೂರನೆಯ ದಿನ ನನಗೆ ಪಿತ್ತ ನೆತ್ತಿಗೇರಿತು. "ಏನೇ ಇದು, ನನ್ನ ಚರ್ಮ ಸುಲಿದು ಬರ್ಲಾ?" ಎಂದು ಕೂಗಿದೆ. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಬಂದಳು. "ಓಗೋ ಅತ್ಲಾಗೆ! ಎರಡ್ ತಿಂಗ್ಳು ಕೆಳ್ಗೆ ಮಲ್ಕೊಂಡ್ರೆ ಸವ್ದೋಗ್ತೀಯಾ? ನಿನ್ನ ಒತ್ತಾಗ ನಂಗೆ ನಿಮ್ಮಪ್ಪನ ಬೀಡಿ ವಾಸ್ನೆ ಆಗ್ತಿರ್ಲಿಲ್ಲ, ಅವ್ರನ್ನ ಕೊಟ್ಟಿಗೆಗೆ ಅಟ್ಟಿದ್ದೆ. ನಿಂಗಾದ್ರೂ ಫ್ಯಾನ್ ಐತೆ."

ಹೀಗೆ ನಾನು ಅಂಗಡಿಯ ಹಿಂದಿನ ಕೋಣೆ ಸೇರಿದೆ. ಗೋಣಿಚೀಲಗಳನ್ನು ಒಂದು ಬದಿಗೆ ಒತ್ತರಿಸಿ, ಚಾಪೆಯ ಮೇಲೆ ಹಾಸಿಗೆ ಹಾಕಿಕೊಂಡೆ. ಹುರಿಯುವ ಡ್ರಮ್ಮು ನಿಲ್ಲಿಸಿದೆ. ಅದರ ಹೊಗೆ ನೇರವಾಗಿ ಮೇಲಿನ ಕಿಟಕಿಗೆ ಹೋಗುತ್ತಿತ್ತು. ಹುರಿದ ಬೀಜವನ್ನೇ ಯಶವಂತಪುರದ ಸಗಟು ಅಂಗಡಿಯಿಂದ ತರತೊಡಗಿದೆ.

ಅವಳನ್ನು ತವರಿಗೆ ಕಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವಳ ತವರು ಅಮೃತಹಳ್ಳಿ, ಅರ್ಧ ಗಂಟೆಯ ದಾರಿ. ಆದರೆ ಆ ಓಣಿಯಲ್ಲಿ ಇರುವವರೆಲ್ಲ ನೆಂಟರೇ. ಬೆಳಿಗ್ಗೆ ಒಂದು ಸಲ ವಾಂತಿ ಮಾಡಿದರೆ ಮಧ್ಯಾಹ್ನದ ಹೊತ್ತಿಗೆ ಓಣಿಗೆಲ್ಲ ಸುದ್ದಿ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎನ್ನುವುದು ನಮ್ಮವರಲ್ಲಿ ಕಟ್ಟುನಿಟ್ಟು. ನಮಗಂತೂ ಈ ಸಲ ಹೇಳುವ ಧೈರ್ಯವೂ ಇರಲಿಲ್ಲ. ಗಿರಾಕಿಗಳು "ಏನ್ ಗುರು, ಹುರಿಯೋ ವಾಸನೇನೇ ಇಲ್ಲ?" ಎಂದರೆ ಡ್ರಮ್ಮು ಕೆಟ್ಟಿದೆ ಎನ್ನುತ್ತಿದ್ದೆ. ಎದುರು ಮನೆಯ ರಿಟೈರ್ಡ್ ಅಂಕಲ್ ಒಬ್ಬರು ಸ್ಪ್ಯಾನರ್ ಹಿಡಿದುಕೊಂಡೇ ಬಂದುಬಿಟ್ಟರು. ಚೆನ್ನಾಗಿದ್ದ ಡ್ರಮ್ಮನ್ನು ಬಿಚ್ಚಲು ಹೊರಟಿದ್ದ ಅವರನ್ನು ಟೀ ಕುಡಿಸಿ ಸಾಗಹಾಕಬೇಕಾಯಿತು.

ಮದುವೆಯಾಗಿ ನಾಲ್ಕು ವರ್ಷ ಅವಳು ಪ್ರತಿ ಸಂಜೆ ಕೆಳಗೆ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದಳು. ನಾನು ತೂಗಿ ಕೊಟ್ಟ ಪುಡಿಯನ್ನು ಪೊಟ್ಟಣಕ್ಕೆ ತುಂಬಿ ಸೀಲು ಹಾಕುತ್ತಿದ್ದಳು. ಗಿರಾಕಿ ಆಚೆ ಹೋಗುತ್ತಿದ್ದಂತೆ ಅವರು ಮಾತಾಡಿದ್ದನ್ನು ಅವರ ದನಿಯಲ್ಲೇ ಆಡಿ ತೋರಿಸುತ್ತಿದ್ದಳು. ಚಿಕೋರಿ ಕಮ್ಮಿ ಹಾಕು ಎಂದು ದಿನಾ ತಕರಾರು ತೆಗೆಯುವ ಮೇಷ್ಟ್ರು, ಕಾಲು ಕೇಜಿಗೆ ಅರ್ಧ ಗಂಟೆ ನಿಂತು ಹರಟುವ ಪಿಜಿ ಹುಡುಗರು, ಎಲ್ಲರೂ ಅವಳ ಬಾಯಲ್ಲಿ ಇನ್ನೊಮ್ಮೆ ಬಂದು ಹೋಗುತ್ತಿದ್ದರು. ಈಗ ಸ್ಟೂಲು ಖಾಲಿ. ಅವಳು ನನ್ನ ನೆತ್ತಿಯ ಮೇಲೆ, ಒಂದು ತಾರಸಿಯ ಆಚೆ, ಮಲಗಿದ್ದಳು. ದೂರದ ಊರಿಗೆ ಹೋದ ಹೆಂಡತಿಯನ್ನು ನೆನೆಸಿಕೊಳ್ಳುವವರಿದ್ದಾರೆ. ಒಂದೇ ಮನೆಯಲ್ಲಿ ಇದ್ದ ಹೆಂಡತಿಗಾಗಿ ಹೀಗೆ ಹಂಬಲಿಸಿದವನು ನಾನೊಬ್ಬನೇ ಇರಬೇಕು.

ಮಧ್ಯಾಹ್ನ ಶಟರ್ ಅರ್ಧ ಇಳಿಸಿ ವಿಡಿಯೋ ಕಾಲ್ ಮಾಡುತ್ತಿದ್ದೆ, ಕೆಳಗಿನಿಂದ ಮೇಲಕ್ಕೆ. ಫೋನಿನಲ್ಲಿ ವಾಸನೆ ಹೋಗುವುದಿಲ್ಲವಲ್ಲ.

"ಊಟ ಆಯ್ತಾ?"

"ಆಯ್ತು. ಎರಡು ತುತ್ತು ಒಳಗೆ, ನಾಲ್ಕು ತುತ್ತು ಆಚೆ," ಎಂದು ನಗುತ್ತಿದ್ದಳು. ನಗುವಾಗ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು.

ಸಂಜೆ ರಸ್ತೆ ದಾಟಿ ಹೊಂಗೆ ಮರದ ಕೆಳಗೆ ನಿಲ್ಲುತ್ತಿದ್ದೆ. ಅವಳು ಬಾಲ್ಕನಿಗೆ ಬಂದು ಗೋಡೆ ಹಿಡಿದುಕೊಂಡು ನಿಂತು ಕೈ ಎತ್ತುತ್ತಿದ್ದಳು. ನಾನೂ ಎತ್ತುತ್ತಿದ್ದೆ. ಅಷ್ಟೇ. ಒಂದು ದಿನ ಅದೇ ಅಂಕಲ್ ಪಕ್ಕಕ್ಕೆ ಬಂದು, "ಏನ್ರೀ, ನಿಮ್ಮ ಮನೇನೇ ನೀವು ದಿಟ್ಟಿಸ್ಕೊಂಡು ನಿಂತ್ಕೊಂಡಿದೀರ, ಮಾರೋ ಯೋಚ್ನೇನಾ? ನನಗೊಬ್ಬ ಪಾರ್ಟಿ ಗೊತ್ತು," ಎಂದರು. ನನಗೆ ನಗಬೇಕೋ ಅವರ ಕತ್ತು ಹಿಸುಕಬೇಕೋ ತಿಳಿಯಲಿಲ್ಲ.

ಇಷ್ಟಾದರೂ ದಿನದಲ್ಲಿ ನನಗೆ ಒಂದು ಸಮಾಧಾನದ ಗಳಿಗೆ ಇತ್ತು. ಮೇಲಿನ ಬಚ್ಚಲಿನ ಪೈಪು ನನ್ನ ಕೋಣೆಯ ಗೋಡೆಯ ಹಿಂದೆಯೇ ಇಳಿಯುತ್ತದೆ. ಬೆಳಿಗ್ಗೆ ಐದೂವರೆಗೆ ಅವಳು ವಾಂತಿ ಮಾಡುವ ಸದ್ದು ಆ ಪೈಪಿನಲ್ಲಿ ಇಳಿದು ಬರುತ್ತಿತ್ತು. ಹೊಟ್ಟೆಯೇ ಕಿತ್ತು ಬರುವಂಥ ಸದ್ದು. ಅದನ್ನು ಕೇಳಿ ನಾನು "ಸದ್ಯ" ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ. ಕಟ್ಟಿಕೊಂಡ ಹೆಂಡತಿ ನರಳುವಾಗ ಸದ್ಯ ಎನ್ನುವ ಗಂಡ ಎಂಥವನು ಎಂದು ಬೈಯಬೇಡಿ. ಅದರ ಹಿಂದೆ ಒಂದು ಕಥೆ ಇದೆ.

ಒಂದೂವರೆ ವರ್ಷದ ಹಿಂದೆ ಅವಳು ಮೊದಲ ಸಲ ಬಸುರಿಯಾಗಿದ್ದಳು. ಆಗಲೂ ವಾಂತಿ, ಇಷ್ಟು ಜೋರಲ್ಲ. ಆಗ ತೋರಿಸುತ್ತಿದ್ದುದು ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ. ಅಲ್ಲಿ ವಾಂತಿಗೆ ಮಾತ್ರೆ ಬರೆದುಕೊಟ್ಟರು. ಮೆಡಿಕಲ್ ಸ್ಟೋರಿನಿಂದ ತಂದವನು ನಾನು. ಒಂದನ್ನು ಬಿಡಿಸಿ ಅವಳ ಅಂಗೈಗೆ ಇಟ್ಟು ನೀರು ಕೊಟ್ಟವನೂ ನಾನೇ. ನಾಲ್ಕೈದು ದಿನದಲ್ಲಿ ವಾಂತಿ ಪೂರ್ತಿ ನಿಂತಿತು. ನಮಗೆ ಹಬ್ಬ. ಬೈಕಿನಲ್ಲಿ ಯಶವಂತಪುರಕ್ಕೆ ಹೋಗಿ ಒಂದು ದರ್ಶಿನಿಯಲ್ಲಿ ನಿಂತುಕೊಂಡೇ ಮಸಾಲೆ ದೋಸೆ ತಿಂದೆವು. ಅವಳು ತನ್ನದು ಮುಗಿಸಿ ನನ್ನದರಲ್ಲಿ ಅರ್ಧ ಕಿತ್ತುಕೊಂಡಳು. ಮರುದಿನ ಸ್ಕ್ಯಾನಿಂಗ್ ಇತ್ತು. ಅಲ್ಲಿಯ ಡಾಕ್ಟರ್ ಬಹಳ ಹೊತ್ತು ಮಾತಾಡದೆ ಪರದೆ ನೋಡಿದರು. ಆಮೇಲೆ ಅದನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಎದೆಬಡಿತ ಇರಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ಒಂದೇ ಮಾತು ಅಂದಳು. "ಆ ಮಾತ್ರೆ ನುಂಗಿದ್ಮೇಲೇ ವಾಂತಿ ನಿಂತಿದ್ದು. ವಾಂತಿ ನಿಂತ್ಮೇಲೇ ಕೂಸು ಓಗಿದ್ದು." ಆಮೇಲೆ ಇನ್ನೊಮ್ಮೆ ಅವಳು ಅದನ್ನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಾನು ಎದುರಾಡಲಿಲ್ಲ, ಒಳಗೆ ನಾನೂ ಅದನ್ನೇ ನಂಬಿದ್ದೆ. ಆ ಆಸ್ಪತ್ರೆಗೆ ಮತ್ತೆ ಕಾಲಿಡಲಿಲ್ಲ. ಅವರು ಕೊಟ್ಟ ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ಬೀರುವಿನ ತಳಕ್ಕೆ ಹಾಕಿದೆ. ಹೆಂಡತಿ ಅತ್ತಾಗಲೆಲ್ಲ ನನ್ನ ಅಂಗೈ ನೋಡಿಕೊಳ್ಳುತ್ತಿದ್ದೆ. ಈ ಕೈಯಿಂದಲೇ ಅಲ್ಲವಾ ಕೊಟ್ಟಿದ್ದು ಅನಿಸುತ್ತಿತ್ತು.

ಈಗ ಹೇಳಿ, ವಾಂತಿಯ ಸದ್ದು ಕೇಳಿ ನಾನು ಯಾಕೆ ಸದ್ಯ ಎನ್ನಬಾರದು? ಅವಳಿಗೂ ಹಾಗೇ. ಅಷ್ಟು ಒದ್ದಾಡಿ ಬಾಯಿ ತೊಳೆದುಕೊಂಡು ಬಂದವಳು ಹೊಟ್ಟೆಯ ಮೇಲೆ ಕೈಯಿಟ್ಟು, "ಇದೆ ಅತ್ತೆ, ಇದೆ," ಎನ್ನುತ್ತಿದ್ದಳಂತೆ.

ಈ ಸಲ ನಾವು ಕೊಡಿಗೇಹಳ್ಳಿಯ ಒಂದು ಚಿಕ್ಕ ನರ್ಸಿಂಗ್ ಹೋಮಿಗೆ ಹೋಗುತ್ತಿದ್ದೆವು. ಅಲ್ಲಿಯ ಡಾಕ್ಟರಮ್ಮ ಐವತ್ತು ದಾಟಿದವರು, ಮಾತು ಖಡಕ್ಕು. ಎಂಟನೇ ವಾರದ ಸ್ಕ್ಯಾನಿನಲ್ಲಿ ಎದೆಬಡಿತ ಕಂಡಿತ್ತು. ಹೆಂಡತಿ ತೂಕ ಇಳಿಸಿಕೊಂಡಿದ್ದನ್ನು ನೋಡಿ ಅವರು ಮಾತ್ರೆ ಬರೆದರು. "ರಾತ್ರಿ ಮಲಗೋವಾಗ ಒಂದು. ಸೇಫ್ ಮಾತ್ರೆ ಇದು. ಎಷ್ಟೋ ವರ್ಷದಿಂದ ಬಸುರಿಯರಿಗೆ ಕೊಡ್ತಿದೀವಿ. ಸ್ವಲ್ಪ ನಿದ್ದೆ ಬರುತ್ತೆ, ಅಷ್ಟೇ. ಆಮೇಲೆ, ಹೋದ ಸಲದ ಫೈಲ್ ತರೋಕೆ ಹೇಳಿದ್ನಲ್ಲ, ಎಲ್ಲಿ?" ಎಂದರು. ಮರೆತೆವು ಎಂದೆವು. ಮರೆತಿರಲಿಲ್ಲ. ಅದನ್ನು ಮುಟ್ಟುವುದು ಇಬ್ಬರಿಗೂ ಬೇಡವಾಗಿತ್ತು.

ಮೆಡಿಕಲ್ ಸ್ಟೋರಿನವನು ಕೊಟ್ಟ ಮಾತ್ರೆಯ ಶೀಟು ತಿರುಗಿಸಿ ಹೆಸರು ಓದಿದೆ. ಅದೇ ಮಾತ್ರೆ. ಒಂದಕ್ಷರ ಬೇರೆ ಇಲ್ಲ. ವಾಪಸು ಡಾಕ್ಟರ ಹತ್ತಿರ ಓಡಿ "ಮೇಡಂ, ಹೋದ ಸಲ ಇದರಿಂದಲೇ ಹೀಗಾಯ್ತಾ?" ಎಂದು ಕೇಳಿದ್ದರೆ ಎರಡು ನಿಮಿಷದ ಕೆಲಸ. ಕೇಳಲಿಲ್ಲ. ಹೌದು ಎಂದುಬಿಟ್ಟರೆ? ಆ ಭಯ. ಮನೆಯಲ್ಲಿ ಹೆಂಡತಿ ಆ ಶೀಟನ್ನು ನೋಡಿ ಫ್ರಿಜ್ಜಿನ ಮೇಲಿನ ಡಬ್ಬಿಗೆ ಹಾಕಿದಳು. ಅಮ್ಮ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

ಇನ್ನೆರಡು ವಾರದಲ್ಲಿ ಅವಳು ಅರ್ಧ ಆದಳು. ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಸಂಜೆ ಬಾಲ್ಕನಿಗೆ ಬಂದರೆ ಎರಡು ನಿಮಿಷಕ್ಕೆ ಕೂತುಬಿಡುತ್ತಿದ್ದಳು. ಎತ್ತಿದ ನನ್ನ ಕೈ ಬಾಲ್ಕನಿಯ ಗೋಡೆಗೆ ಮಾತ್ರ ಕಾಣುತ್ತಿತ್ತು. ಒಂದು ದಿನ ಬಾಲ್ಕನಿಗೆ ಬರಲೇ ಇಲ್ಲ. ಆವತ್ತು ನಾನು ಮೆಟ್ಟಿಲ ಕೆಳಗೆ ನಿಂತು ಕೂಗಾಡಿದೆ. "ಆ ಮಾತ್ರೆ ನುಂಗು! ಡಾಕ್ಟ್ರು ಸುಮ್ನೆ ಬರೀತಾರಾ? ನೀನೇ ಉಳೀದೆ ಇದ್ರೆ ಮಗು ತಗೊಂಡು ನಾನೇನ್ ಮಾಡ್ಲಿ?" ಮೇಲಿನಿಂದ ಅಮ್ಮ, "ನುಂಗ್ಸು, ನುಂಗ್ಸು, ಓದ್ಸಲ ಆಗಿದ್ದು ಸಾಲ್ದು ನಿಂಗೆ," ಎಂದಳು. ನಾನು ಅಮ್ಮನಿಗೂ ಬೈದೆ. ಬೈಯಬಾರದ ಮಾತು ಒಂದೆರಡು ಬಂದವು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಅವಳು ಸುಧಾರಿಸಲಿ ಎಂಬುದು ನಿಜ. ಆದರೆ ವಾಂತಿ ನಿಂತರೆ ನಾನು ಮೇಲೆ ಹೋಗಬಹುದು, ಅವಳ ಪಕ್ಕ ಮಲಗಬಹುದು ಎಂಬ ಆಸೆಯೂ ಆ ಕೂಗಾಟದಲ್ಲಿ ಇತ್ತು. ಇನ್ನು ತಡೆಯಲಾರೆ ಎನ್ನುವಷ್ಟು ಅವಳು ಬೇಕಾಗಿದ್ದಳು.

ರಾತ್ರಿ ಫೋನಿನಲ್ಲಿ ಅವಳು ಮೆಲ್ಲಗೆ ಅಂದಳು. "ನುಂಗಿದೆ ಕಣ್ರೀ. ನೀವು ಕೊಟ್ಟಿದ್ದಲ್ಲ, ನಾನೇ ತಗೊಂಡಿದ್ದು. ಆಯ್ತಾ?"

ನನ್ನ ಅಂಗೈಯ ವಿಷಯ ಅವಳಿಗೆ ಗೊತ್ತಿತ್ತು ಎಂದು ಆಗಲೇ ನನಗೆ ತಿಳಿದದ್ದು.

ಎರಡು ದಿನ ಬರೀ ನಿದ್ದೆ ಮಾಡಿದಳು. ಮೂರನೆಯ ಬೆಳಿಗ್ಗೆ ಐದೂವರೆಗೆ ಪೈಪಿನಲ್ಲಿ ಸದ್ದಿಲ್ಲ. ಆರಾಯಿತು, ಏಳಾಯಿತು. ಅಮ್ಮ ಇಳಿದು ಬಂದು, "ಇಡ್ಲಿ ತಿಂದ್ಲು ಕಣೋ, ಎರಡು. ಒಳ್ಗೇ ನಿಂತೈತೆ," ಎಂದಳು. ಮುಖದಲ್ಲಿ ಸಂತೋಷ ಇತ್ತು, ಆದರೆ ಕಣ್ಣು ನನ್ನ ಕಡೆ ತಿರುಗಲಿಲ್ಲ. ನನಗೂ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಅವತ್ತು ಸಂಜೆ ಅವಳು ಬಾಲ್ಕನಿಯಲ್ಲಿ ಹತ್ತು ನಿಮಿಷ ನಿಂತಳು. ಕೂದಲು ಬಾಚಿಕೊಂಡಿದ್ದಳು.

ವಾಂತಿ ನಿಂತ ಎರಡನೆಯ ದಿನವೂ ಸದ್ದಿಲ್ಲ. ಐದು ಗಂಟೆಗೇ ಎದ್ದು ಗೋಡೆಗೆ ಕಿವಿಯಿಟ್ಟು ಕೂತಿದ್ದೆ. ಯಾರದೋ ಮನೆಯ ಟ್ಯಾಂಕಿಗೆ ನೀರು ಏರುವ ಸದ್ದು, ಯಲಹಂಕದ ಕಡೆಗೆ ಹೋಗುವ ರೈಲಿನ ಸದ್ದು, ಎಲ್ಲ ಕೇಳಿಸಿದವು. ಬೇಕಾದ್ದು ಕೇಳಿಸಲಿಲ್ಲ. ಮಧ್ಯಾಹ್ನ ಫೋನಿನಲ್ಲಿ ಅವಳು, "ಇವತ್ತು ಹೊಟ್ಟೆ ತೊಳಸೋದೂ ಇಲ್ಲ," ಎಂದಳು. ನಾನು "ಒಳ್ಳೇದಾಯ್ತಲ್ಲ," ಎಂದೆ. "ಹೂಂ," ಎಂದಳು. ಯಶವಂತಪುರದ ದರ್ಶಿನಿ ಇಬ್ಬರ ಕಣ್ಣ ಮುಂದೆಯೂ ಇತ್ತು.

"ಹೋಗಿ ಸ್ಕ್ಯಾನ್ ಮಾಡಿಸೋಣ್ವಾ?" ಎಂದೆ.

"ಬೇಡ. ಆ ಕೋಣೆಗೆ ಮಾತ್ರ ಕರ್ಕೊಂಡ್ ಹೋಗ್ಬೇಡಿ. ಡೇಟ್ ಬಂದಾಗ ಹೋಗೋಣ."

ಡೇಟ್‌ಗೆ ಇನ್ನೂ ಎಂಟು ದಿನ ಇತ್ತು.

ಮೂರನೆಯ ದಿನ ನಾನು ಬಾಲ ಸುಟ್ಟ ಬೆಕ್ಕಿನ ಹಾಗೆ ಅಂಗಡಿಯ ಒಳಗೂ ಹೊರಗೂ ಓಡಾಡಿದೆ. ಮೇಷ್ಟ್ರಿಗೆ ಚಿಕೋರಿ ಜಾಸ್ತಿ ಹಾಕಿಬಿಟ್ಟೆ. ಪಿಜಿ ಹುಡುಗನೊಬ್ಬ "ಅಂಕಲ್, ಹುಷಾರಿಲ್ವಾ?" ಎಂದ. ನಿನಗ್ಯಾಕೆ ಎಂದು ಗದರಿದೆ. ಆ ಪೈಪಿನಲ್ಲಿ ಒಂದೇ ಒಂದು ಸಲ ಆ ಸದ್ದು ಬರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಹೆಂಡತಿಗೆ ವಾಂತಿಯಾಗಲಿ ಎಂದು ಹರಕೆ ಹೊತ್ತವನು ನಾನು. ಯಾವ ದೇವರಿಗೆ ಇಂಥ ಅರ್ಜಿ ಬಂದಿದೆಯೋ ಕಾಣೆ.

ನಾಲ್ಕನೆಯ ದಿನ ಬೆಳಿಗ್ಗೆ ಆರು ಗಂಟೆಗೆ ನಾನು ಆ ಕೆಲಸ ಮಾಡಿದೆ. ಐದು ವಾರದಿಂದ ಮುಚ್ಚಿಟ್ಟಿದ್ದ ಡ್ರಮ್ಮಿನ ಬಟ್ಟೆ ತೆಗೆದೆ. ಗ್ಯಾಸ್ ಹಚ್ಚಿದೆ. ಎರಡು ಕೇಜಿ ಹಸಿ ಬೀಜ ಸುರಿದೆ. ಕಾಫಿ ಅಂಗಡಿಯವನಿಗಲ್ಲದೆ ಇನ್ನಾರಿಗೂ ಈ ಬುದ್ಧಿ ಬರುವುದಿಲ್ಲ. ನನ್ನ ಲೆಕ್ಕ ಇಷ್ಟೇ: ಮಗು ಇದ್ದರೆ ಈ ವಾಸನೆಗೆ ಅವಳು ವಾಂತಿ ಮಾಡಲೇಬೇಕು, ಮಾತ್ರೆಯಲ್ಲ ಮಾತ್ರೆಯ ಅಪ್ಪ ಬಂದರೂ ಸರಿ. ಬೀಜ ಕಂದು ತಿರುಗಿತು. ಚಟಪಟ ಸಿಡಿಯಿತು. ಹೊಗೆ ಹಿಂದಿನ ಕಿಟಕಿಯಿಂದ ಎದ್ದು ಮೇಲಕ್ಕೆ ಹೋಯಿತು. ನಾನು ಗೋಡೆಗೆ ಕಿವಿಯಿಟ್ಟೆ.

ಬಂತು ಸ್ವಾಮಿ. ಬಚ್ಚಲಿನ ಬಾಗಿಲು ಬಡಿದ ಸದ್ದು, ಹಿಂದೆಯೇ ಆ ಸದ್ದು. ಒಂದು ಸಲ, ಎರಡು ಸಲ, ಮೂರು ಸಲ. ಗೋಣಿಚೀಲದ ಮೇಲೆ ಕುಸಿದು ಕೂತು ನಾನು ಅತ್ತೆ. ಸಂತೋಷಕ್ಕೆ ಅತ್ತೆ. ಇದೆ, ಇದೆ ಎಂದು ಅವಳ ಮಾತನ್ನೇ ಆಡಿಕೊಂಡೆ. ಅಳುತ್ತ ಕೂತವನಿಗೆ ಗ್ಯಾಸ್ ಆರಿಸಬೇಕೆಂದೂ ನೆನಪಾಗಲಿಲ್ಲ. ಬೀಜ ಸೀದು ಕರಕಲಾಗಿ ಹೊಗೆ ಇನ್ನೂ ದಟ್ಟವಾಯಿತು.

ಸದ್ದು ನಿಲ್ಲಲಿಲ್ಲ. ಏಳಾಯಿತು, ಎಂಟಾಯಿತು. ನಡುನಡುವೆ ಅಮ್ಮನ ದನಿ. ಒಂಬತ್ತಕ್ಕೆ ಅಮ್ಮ ಮೆಟ್ಟಿಲ ಮೇಲಿಂದಲೇ ಚೀರಿದಳು. "ಬಾರೋ ಬೇಗ! ಬಿದ್ದೋದ್ಲು!"

ವಾಸನೆ ಗೀಸನೆ ಎಲ್ಲ ಮರೆತು ಮೇಲೆ ಓಡಿದೆ. ಬಚ್ಚಲಿನ ಹೊಸ್ತಿಲಲ್ಲಿ ಗೋಡೆಗೊರಗಿ ಕೂತಿದ್ದಳು. ತುಟಿ ಒಣಗಿ ಬಿಳಿಚಿತ್ತು, ಕಣ್ಣು ಗುಳಿ ಬಿದ್ದಿತ್ತು. ನನ್ನನ್ನು ನೋಡಿ ಬೇಡ ಎನ್ನುವಂತೆ ಕೈ ಆಡಿಸಿದಳು. ಬೀರು ತೆಗೆದು ಕೈಗೆ ಸಿಕ್ಕ ಕವರು, ಫೈಲು ಎಲ್ಲ ಬಾಚಿಕೊಂಡೆ. ಆಟೋದಲ್ಲಿ ಅವಳನ್ನೂ ಅಮ್ಮನನ್ನೂ ಕೂರಿಸಿ, ನಾನು ಬೈಕಿನಲ್ಲಿ ಹಿಂದೆ ಹೋದೆ. ಒಂದೇ ಆಟೋದಲ್ಲಿ ಕೂರುವ ಯೋಗ್ಯತೆ ನನಗಿರಲಿಲ್ಲ. ದಾರಿಯುದ್ದಕ್ಕೂ ಆಟೋದ ಬದಿಯಿಂದ ಹೊರಗೆ ಬಾಗುತ್ತಿದ್ದ ಅವಳ ತಲೆ, ಹಣೆ ಹಿಡಿದಿದ್ದ ಅಮ್ಮನ ಕೈ ನನಗೆ ಕಾಣುತ್ತಿತ್ತು.

ಕೊಡಿಗೇಹಳ್ಳಿಯಲ್ಲಿ ಮೊದಲು ಡ್ರಿಪ್ ಹಾಕಿದರು. ಆಮೇಲೆ ಡಾಕ್ಟರಮ್ಮ ಸ್ಕ್ಯಾನಿಂಗ್ ಮಿಷನ್ನನ್ನು ಹಾಸಿಗೆಯ ಪಕ್ಕಕ್ಕೇ ತರಿಸಿದರು. ನಾನು ಬಾಗಿಲಿನ ಆಚೆ ನಿಂತೆ. ಹೆಂಡತಿ ಕಣ್ಣು ಮುಚ್ಚಿಕೊಂಡು ಅಮ್ಮನ ಕೈ ಹಿಡಿದಿದ್ದಳು. ಡಾಕ್ಟರು ಮಾತಾಡುತ್ತಿಲ್ಲ. ಪರದೆ ನೋಡುತ್ತಲೇ ಇದ್ದಾರೆ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಅವರು ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. "ಕಣ್ಣು ಬಿಡಮ್ಮ. ನೋಡು, ಹೇಗೆ ಒದೀತಿದೆ."

ನನಗೆ ಬಾಗಿಲಿನಿಂದ ಕಪ್ಪುಬಿಳುಪಿನಲ್ಲಿ ಏನೋ ಮಿಣಮಿಣ ಅಂದದ್ದಷ್ಟೇ ಕಂಡಿತು. ಅಷ್ಟು ಸಾಕಾಯಿತು.

ಆಮೇಲೆ ಮಂಗಳಾರತಿ. "ಮಾತ್ರೆ ತಗೊಳ್ತಿದ್ದವಳಿಗೆ ಇದ್ದಕ್ಕಿದ್ದ ಹಾಗೆ ಹೀಗ್ಯಾಕಾಯ್ತು?" ಎಂದು ಡಾಕ್ಟರು ಕೇಳಿದರು. ನಾನು ತಲೆ ತಗ್ಗಿಸಿ ಡ್ರಮ್ಮಿನ ವಿಷಯ ಹೇಳಿಬಿಟ್ಟೆ. ಹೋದ ಸಲದ್ದು, ಮಾತ್ರೆ, ದೋಸೆ, ಪೈಪಿನ ಸದ್ದು, ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಏನ್ರೀ ನೀವು, ಬುದ್ಧಿ ಇದೆಯೇನ್ರೀ? ವಾಂತಿ ಏನು ಮಗುವಿನ ಎದೆಬಡಿತಾನಾ? ವಾಂತಿ ಇಲ್ಲದೆ ಒಂಬತ್ತು ತಿಂಗಳು ಹೊತ್ತು ಹೆತ್ತವರು ಎಷ್ಟು ಜನ ಬೇಕು? ಮಾತ್ರೆ ಕೊಡೋದೇ ವಾಂತಿ ನಿಲ್ಲಲಿ ಅಂತ. ನಿಂತ್ರೆ ಮಾತ್ರೆ ಕೆಲಸ ಮಾಡಿದೆ ಅಂತ ಅರ್ಥ. ಮಗುಗೆ ತೊಂದರೆ ಆಗೋದು ತಾಯಿ ಹೀಗೆ ಒಣಗಿಹೋದ್ರೆ, ಈ ಮಾತ್ರೆಯಿಂದ ಅಲ್ಲ. ಅಂಗಡಿಯಲ್ಲಿ ಸಿಕ್ಕಿದ್ದೆಲ್ಲ ನುಂಗಿ ಅಂತ ನಾನು ಹೇಳ್ತಿಲ್ಲ. ಡಾಕ್ಟರು ನೋಡಿ ಬರೆದಿದ್ದನ್ನ, ಬರೆದಷ್ಟು ತಗೋಬೇಕು. ಎಲ್ಲಿ ಕೊಡಿ ಆ ಹಳೇ ಕಾಗದ."

ಬೀರುವಿನ ತಳದ ಪ್ಲಾಸ್ಟಿಕ್ ಕವರೂ ಬಾಚಿದ್ದರಲ್ಲಿ ಬಂದಿತ್ತು. ಅವರು ಎರಡು ಹಾಳೆ ತೆಗೆದು ಪಕ್ಕಪಕ್ಕ ಇಟ್ಟು, ಪೆನ್ನಿನ ತುದಿಯಿಂದ ತೋರಿಸಿದರು.

"ಇದು ಮಾತ್ರೆ ಬರೆದ ತಾರೀಖು. ಆವಾಗ ಒಂಬತ್ತು ವಾರ. ಇದು ಸ್ಕ್ಯಾನ್. ಮಗುವಿನ ಅಳತೆ ನೋಡಿ, ಆರೂವರೆ ವಾರದ್ದು. ಅಂದ್ರೆ ಅಷ್ಟಕ್ಕೇ ಬೆಳೆಯೋದು ನಿಂತುಹೋಗಿತ್ತು. ನೀವು ಮಾತ್ರೆ ಮುಟ್ಟೋಕೆ ಎರಡು ವಾರಕ್ಕೂ ಮುಂಚೆನೇ. ಹೀಗಾಗೋದು ಉಂಟು, ಯಾರ ತಪ್ಪೂ ಅಲ್ಲ. ಇದನ್ನ ಒಂದು ಸಲ ಓದಿ ನೋಡಿದ್ರೂ ಸಾಕಿತ್ತಲ್ರೀ."

"ಆದ್ರೆ ಆವಾಗ ವಾಂತಿ ಆಗ್ತಿತ್ತಲ್ಲ ಮೇಡಂ," ಎಂದಳು ಹೆಂಡತಿ.

"ಮಗು ಹೋದ ಕೂಡಲೇ ದೇಹಕ್ಕೆ ಗೊತ್ತಾಗಲ್ಲಮ್ಮ. ಕೆಲವರಿಗೆ ಇನ್ನೂ ಸ್ವಲ್ಪ ದಿನ ವಾಂತಿ ಇರುತ್ತೆ."

ಆ ಮಾತು ನನ್ನೊಳಗೆ ಇಳಿಯಲು ಬಹಳ ಹೊತ್ತು ಬೇಕಾಯಿತು. ಆ ಎರಡು ವಾರ ವಾಂತಿ ಇತ್ತು, ಮಗು ಇರಲಿಲ್ಲ. ನಾವು ಅವಳ ಬೆನ್ನು ಸವರಿ, ಹೆಸರು ಯೋಚಿಸಿ, ನಗುತ್ತಿದ್ದ ಆ ಬೆಳಿಗ್ಗೆಗಳಲ್ಲಿ ಅಲ್ಲಿ ಯಾರೂ ಇರಲಿಲ್ಲ. ಆ ಮಗುವನ್ನು ನಾನು ಕೈಯಾರೆ ಕಳೆಯಲಿಲ್ಲ ಎಂದು ಗೊತ್ತಾದ ಗಳಿಗೆಯಲ್ಲೇ ಅದಕ್ಕಾಗಿ ಸಂಕಟವಾಯಿತು. ಅಲ್ಲಿಯವರೆಗೆ ತಪ್ಪಿತಸ್ಥನಾಗಿ ಅತ್ತಿದ್ದೆ, ತಂದೆಯಾಗಿ ಅತ್ತಿರಲಿಲ್ಲ.

ಡಾಕ್ಟರು ಆಚೆ ಹೋದರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಸೊಸೆಯ ಕಾಲು ನೀವತೊಡಗಿದಳು. "ನಾನ್ ಬಾಯಿಗ್ ಬಂದಂಗೆ ಅಂದ್ಬುಟ್ಟೆ ಕಣವ್ವ. ಒಂದೂವರೆ ವರ್ಸ ನೀವಿಬ್ರೂ ಅದ್ನೇ ಒತ್ಕೊಂಡ್ ತಿರುಗ್ತಿದ್ರಿ ಅಂತ ನಂಗೆ ಗೊತ್ತಾಗ್ಲಿಲ್ವಲ್ಲ," ಎಂದಳು. ನಮ್ಮಮ್ಮ ತಪ್ಪಾಯಿತು ಎಂದದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ನಾನು ಬಾಗಿಲಿನಿಂದಲೇ ಹೆಂಡತಿಗೆ ಹೇಳಿದೆ. "ಬೇಕು ಅಂತಾನೇ ಹುರಿದೆ ಕಣೇ. ಸುಮ್ನಿರೋಕೆ ಆಗ್ಲಿಲ್ಲ. ಬೈಯಿ, ಏನ್ ಬೇಕಾದ್ರೂ ಬೈಯಿ."

ಅವಳು ಡ್ರಿಪ್ಪಿನ ಕೈ ನೋಡಿಕೊಂಡಳು. ಆಮೇಲೆ ಅಂದಳು. "ನಿನ್ನೆ ರಾತ್ರಿ ನಾನು ಮಾತ್ರೆ ತಗೊಂಡಿಲ್ಲ ರೀ. ದಿಂಬಿನ ಕೆಳಗೆ ಇಟ್ಕೊಂಡೆ. ಬೆಳಿಗ್ಗೆ ವಾಂತಿ ಆಗುತ್ತಾ ನೋಡೋಣ ಅಂತ."

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನಗೆ ನಗು ಬಂತು. ಅವಳಿಗೂ ಬಂತು, ನಗುತ್ತಲೇ ಅವಳ ಕಣ್ಣಲ್ಲಿ ನೀರು ಸುರಿಯತೊಡಗಿತು. "ಥೂ, ಎಂಥಾ ಗಂಡ ಎಂಡ್ತೀರಪ್ಪಾ," ಎಂದು ಅಮ್ಮ ತಲೆ ಚಚ್ಚಿಕೊಂಡಳು.

"ಅಲ್ಲೇ ಯಾಕೆ ನಿಂತಿದೀರ? ಬನ್ನಿ ಇಲ್ಲಿ," ಎಂದಳು ಹೆಂಡತಿ.

"ಬೇಡ. ಮೈಯೆಲ್ಲ ಸೀದ ಬೀಜದ ವಾಸನೆ."

"ಗೊತ್ತು. ಬನ್ನಿ ಅಂದ್ನಲ್ಲ."

ಹೋದೆ. ಒಂದೊಂದೇ ಹೆಜ್ಜೆ ಇಟ್ಟು, ಉಸಿರು ಹಿಡಿದುಕೊಂಡು ಹೋದೆ. ನಾನು ಉಸಿರು ಹಿಡಿದರೆ ನನ್ನ ವಾಸನೆ ಕಡಿಮೆಯಾಗುತ್ತದೆಯೇನೋ ಎಂಬಂತೆ. ಹಾಸಿಗೆಯ ಅಂಚಿಗೆ ಕೂತೆ. ಅವಳು ಡ್ರಿಪ್ ಇಲ್ಲದ ಕೈಯಿಂದ ನನ್ನ ಅಂಗೈ ಬಿಡಿಸಿ ಅದರೊಳಗೆ ತನ್ನ ಬೆರಳಿಟ್ಟಳು. ತಲೆಯನ್ನು ನನ್ನ ಎದೆಗೆ ಒರಗಿಸಿದಳು. ಹತ್ತು ಎಣಿಸುವಷ್ಟು ಹೊತ್ತು ಹಾಗೇ ಇದ್ದಳು. ಆಮೇಲೆ ಅವಳ ಬೆನ್ನು ಒಮ್ಮೆ ಸೆಟೆಯಿತು. ತಲೆ ಎತ್ತಲೂ ಸಮಯವಿಲ್ಲದೆ ನನ್ನ ಅಂಗಿಯ ಮೇಲೆಯೇ ವಾಂತಿ ಮಾಡಿಕೊಂಡಳು.

"ಅಯ್ಯೋ, ಸಾರಿ ರೀ, ಸಾರಿ..."

"ಸುಮ್ನಿರು. ಏನೂ ಆಗಿಲ್ಲ."

ಅಮ್ಮ ಬಟ್ಟೆ ತರಲು ಓಡಿದಳು. ನರ್ಸು ಬಂದು, "ಸಾರ್, ಎದ್ದು ಆಚೆ ಬನ್ನಿ, ತೊಳ್ಕೊಳ್ಳಿ," ಎಂದಳು. ಆ ವಾಂತಿಯಲ್ಲಿ ನಾನು ಯಾವ ಸುದ್ದಿಯನ್ನೂ ಹುಡುಕಲಿಲ್ಲ. ಅದು ಬರೀ ವಾಂತಿ. ಬಿಸಿಯಾಗಿ ಎದೆಯ ಮೇಲಿಂದ ಇಳಿಯುತ್ತಿತ್ತು. ಐದು ವಾರದ ಮೇಲೆ ಅವಳು ನನ್ನ ತೋಳಿನಲ್ಲಿದ್ದಳು, ನಾನು ಏಳಲಿಲ್ಲ.